ಈ ರಸ್ತೆ ಯಾರಿಗಾಗಿ ಮಾಡಿದ್ದು?

ಶುಕ್ರವಾರ ರಾತ್ರಿ ಎಂಟು ಗಂಟೆಗೆ ಗೊರಗುಂಟೆಪಾಳ್ಯದ ಕಡೆ ಹೋಗಿ ನಿಂತು ನೋಡಿ. ಇಡೀ ಬೆಂಗಳೂರು ಊರು ಬಿಟ್ಟು ಓಡಿಹೋಗ್ತಿದೆಯೇನೋ ಅನ್ನಿಸುತ್ತೆ. ಡಿಕ್ಕಿಯಲ್ಲಿ ಟೆಂಟು, ಹಿಂದಿನ ಸೀಟಿನಲ್ಲಿ ಚಿಪ್ಸ್ ಪ್ಯಾಕೆಟ್ಟು, ಡ್ಯಾಶ್‌ಬೋರ್ಡ್ ಮೇಲೆ ದಾರಿ ತೋರಿಸುವ ಫೋನು. ಎಲ್ಲಿಗೆ ಅಂತ ಕೇಳಿದರೆ ಹಲವರು ಕೊಡುವ ಉತ್ತರ ಒಂದೇ. ತುಮಕೂರು, ಶಿವಮೊಗ್ಗ, ಸಾಗರ, ಜೋಗ. ಅಲ್ಲಿಂದ ಘಟ್ಟ ಇಳಿದು ಹೊನ್ನಾವರ. ಆಮೇಲೆ ಗೋಕರ್ಣವೋ ಕಾರವಾರವೋ, ಟೈಮ್ ಇದ್ದಷ್ಟು. ಭಾನುವಾರ ರಾತ್ರಿ ವಾಪಸ್. ಎರಡೇ ದಿನದಲ್ಲಿ ಸರೋವರ, ಬೆಟ್ಟ, ಸಮುದ್ರ ಮೂರೂ ಮುಗೀತು.

ನನಗೂ ಈ ದಾರಿ ಇಷ್ಟ. ಆದರೆ ಈ ದಾರಿಯಲ್ಲಿ ಹೋದಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತೆ. ಇದನ್ನ ಮಾಡಿದ್ದು ಯಾರಿಗಾಗಿ? ನಮ್ಮಂಥ ವೀಕೆಂಡ್ ಗಿರಾಕಿಗಳಿಗಂತೂ ಅಲ್ಲ. ಉಪ್ಪಿಗಾಗಿ ಒಂದು ದಾರಿ ಹುಟ್ಟಿತು, ಮೆಣಸಿಗಾಗಿ ಇನ್ನೊಂದು. ಹತ್ತಿಗಾಗಿ ಘಟ್ಟ ಕಡಿದರು. ಕರೆಂಟಿಗಾಗಿ ಕಣಿವೆ ಮುಳುಗಿಸಿದರು. ನಾವು ಕಾರು ನಿಲ್ಲಿಸಿ ಸೆಲ್ಫಿ ತೆಗೆದುಕೊಳ್ಳುವ ಜಾಗಗಳಲ್ಲಿ ಬಹುತೇಕ ಎಲ್ಲದಕ್ಕೂ ಒಂದು ಬಿಲ್ ಇದೆ, ಅದನ್ನ ಯಾರೋ ಕಟ್ಟಿದ್ದಾರೆ. ಯಾರು ಅಂತ ನೋಡೋಣ.

ಮೊದಲು ಬೆಂಗಳೂರಿನಿಂದಲೇ ಶುರು ಮಾಡೋಣ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಒಡೆಯರ ಕೈಯಿಂದ ಕಿತ್ತುಕೊಂಡರು. 1834ರಲ್ಲಿ ಕಮಿಷನರ್ ಆಗಿ ಬಂದವನು ಮಾರ್ಕ್ ಕಬ್ಬನ್. ಹೌದು, ಕಬ್ಬನ್ ಪಾರ್ಕಿನ ಕಬ್ಬನ್ನೇ. 1861ರ ತನಕ ಇಲ್ಲಿ ಕೂತು ಆಳಿದ. ಅವನ ಕಾಲದಲ್ಲಿ ಸಂಸ್ಥಾನದ ಉದ್ದಗಲಕ್ಕೆ ಸಾವಿರಾರು ಮೈಲಿ ಲೆಕ್ಕದಲ್ಲಿ ರಸ್ತೆ, ಸೇತುವೆ, ಮೋರಿಗಳಾದವು. ಘಟ್ಟದ ಅಂಚಿನ ತನಕ ಗಾಡಿ ಹೋಗುವಂತಾಯ್ತು. ಕಾರಣ ಸರಳ. ಸೈನ್ಯ ಬೇಗ ಹೋಗಬೇಕು, ಕಂದಾಯ ಬೇಗ ಬರಬೇಕು, ಕಾಫಿ ಏಲಕ್ಕಿ ಬಂದರಿಗೆ ಇಳಿಯಬೇಕು. ಹಾಗಂತ ಸಾಹೇಬ ಮಜಾ ಮಾಡಲೇ ಇಲ್ಲ ಅಂತಲ್ಲ. ಬೇಸಿಗೆ ಬಂತೆಂದರೆ ನಂದಿ ಬೆಟ್ಟ ಹತ್ತುತ್ತಿದ್ದ. ಅವನ ಹೆಸರಿನ ಬಂಗಲೆ ಇವತ್ತಿಗೂ ಅಲ್ಲಿದೆ. ಬೆಂಗಳೂರಿಗರ ನಂದಿ ಬೆಟ್ಟದ ಹುಚ್ಚಿಗೆ ಮೂಲಪುರುಷ ಅವನೇ ಅಂದರೂ ತಪ್ಪಿಲ್ಲ. ಕೆಲಸ ಬಿಟ್ಟು ಊರಿಗೆ ಹೊರಟವನು ಇಂಗ್ಲೆಂಡ್ ಮುಟ್ಟಲಿಲ್ಲ, ದಾರಿಯಲ್ಲಿ ಸುಯೆಜ್‌ನಲ್ಲೇ ತೀರಿಕೊಂಡ. ಅರವತ್ತು ವರ್ಷ ಹಿಂದೂಸ್ತಾನದಲ್ಲಿ ಕಳೆದವನ ಕೊನೆಯ ಪ್ರಯಾಣ ಅರ್ಧಕ್ಕೇ ನಿಂತಿತು.

ಸರಿ, ಗಾಡಿ ಮುಂದಕ್ಕೆ ಬಿಡೋಣ. ತುಮಕೂರಿನಿಂದ ಹೊನ್ನಾವರಕ್ಕೆ ಹೋಗುವ ಈ ಹೆದ್ದಾರಿಯನ್ನ ಹಳೇ ಡ್ರೈವರ್‌ಗಳು ಇವತ್ತಿಗೂ 206 ಅಂತಲೇ ಕರೀತಾರೆ. ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ. ಇಲ್ಲೆಲ್ಲ ನಿಂತು ಹೇಳುವ ಕಥೆ ಬೇಕಾದಷ್ಟಿದೆ, ಬಿಡಿ. ನಾವು ಸಾಗರಕ್ಕೆ ಹೋಗಬೇಕು.

ಸಾಗರ ದಾಟಿ ಸಿಗಂದೂರಿನ ಕಡೆ ತಿರುಗಿದರೆ ಎದುರಿಗೆ ಶರಾವತಿ ಹಿನ್ನೀರು. ನೀಲಿ ನೀರು, ನಡುವೆ ಹಸಿರು ದಿಬ್ಬಗಳು. ಕರ್ನಾಟಕದ ಅತಿ ಚೆಂದದ ಸರೋವರ ಯಾವುದು ಅಂತ ಕೇಳಿದರೆ ಪ್ರವಾಸಿಗರಲ್ಲಿ ತುಂಬಾ ಜನ ಇದನ್ನೇ ತೋರಿಸ್ತಾರೆ. ಸರೋವರ ಎಲ್ಲಿ ಬಂತು ಸ್ವಾಮಿ? ಆ ಹಸಿರು ದಿಬ್ಬಗಳು ಗುಡ್ಡಗಳ ತುದಿ. ಗುಡ್ಡಗಳ ಬುಡದಲ್ಲಿ ಊರುಗಳಿದ್ದವು. ಗದ್ದೆ, ಅಡಿಕೆ ತೋಟ, ದೇವಸ್ಥಾನ, ಶಾಲೆ ಎಲ್ಲವೂ ಇದ್ದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ನೂರಕ್ಕೂ ಹೆಚ್ಚು ಹಳ್ಳಿಗಳಿಗೆ ನೀರು ಬಂತು. ಜನಕ್ಕಿಂತ ಮೊದಲು ಒಂದು ಅಣೆಕಟ್ಟೇ ಮುಳುಗಿತು ಅನ್ನೋದು ಈ ಕಥೆಯ ವಿಚಿತ್ರ.

ಅದು ಹಿರೇಭಾಸ್ಕರ ಅಣೆಕಟ್ಟು. ಮಡೆನೂರು ಡ್ಯಾಂ ಅಂತಲೂ ಹೇಳ್ತಾರೆ. ಜೋಗದ ಮೊದಲ ವಿದ್ಯುತ್ ಕೇಂದ್ರಕ್ಕೆ ನೀರು ಕೊಡೋಕೆ ಅಂತ ಕಟ್ಟಿದ್ದು. 1948ರಲ್ಲಿ ಕೆಲಸ ಶುರುವಾಯ್ತು. ನಾನು ಓದಿದ್ದು ಇಂಜಿನಿಯರಿಂಗ್ ಆದ್ದರಿಂದ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಿದರೆ ಬೇಜಾರು ಮಾಡ್ಕೋಬೇಡಿ. ಮಾಮೂಲಿ ಅಣೆಕಟ್ಟಿನಲ್ಲಿ ನೀರು ಹೆಚ್ಚಾದಾಗ ಯಾರಾದರೂ ಗೇಟ್ ಎತ್ತಬೇಕು. ಇಲ್ಲಿ ಹಾಗಿರಲಿಲ್ಲ. ದೊಡ್ಡ ಕೊಳವೆಬಾವಿಯ ಹಾಗೆ ಕಾಣುವ ಸೈಫನ್‌ಗಳನ್ನು ಕಟ್ಟಿದ್ದರು. ನೀರು ಒಂದು ಮಟ್ಟ ದಾಟಿತು ಅಂದರೆ ಸೈಫನ್ ತಾನೇ ಎಳೆದು ಹೊರಗೆ ಹಾಕುತ್ತೆ. ಮಟ್ಟ ಇಳಿದರೆ ತಾನೇ ನಿಲ್ಲುತ್ತೆ. ನಿಮ್ಮ ಬೈಕಿನಿಂದ ಪೈಪ್ ಹಾಕಿ ಪೆಟ್ರೋಲ್ ಎಳೆದಿದ್ದೀರಲ್ಲ, ಅದೇ ತತ್ವ. ಮೈಸೂರಿನ ಇಂಜಿನಿಯರುಗಳ ಜಾಣತನಕ್ಕೆ ಅದೊಂದು ಗುರುತು. ಅದು ಕೆಲಸ ಮಾಡಿದ್ದು ಬರೀ 16 ವರ್ಷ. ಲಿಂಗನಮಕ್ಕಿ ತುಂಬಿದಾಗ ಅದೂ ನೀರಿನೊಳಗೆ ಹೋಯ್ತು. ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದ ವರ್ಷ ಇಡೀ ಅಣೆಕಟ್ಟು ಎದ್ದು ಕೂರುತ್ತೆ. ಆಗ ಅದನ್ನ ನೋಡೋಕೂ ಕಾರುಗಳು ಸಾಲುಗಟ್ಟಿ ಬರ್ತವೆ.

ಅಣೆಕಟ್ಟಾದರೂ ಮೇಲೆದ್ದು ಬಂತು. ಮುಳುಗಡೆಯಾದ ಜನ ಎದ್ದರಾ?

ಮುಳುಗಡೆ ಜನರನ್ನ ಲಾರಿಗಳಲ್ಲಿ ಸಾಮಾನು, ದನಕರುಗಳ ಸಮೇತ ತಂದು ಶಿವಮೊಗ್ಗ ಜಿಲ್ಲೆಯ ಕಾಡಂಚಿನ ಜಾಗಗಳಲ್ಲಿ ಇಳಿಸಿದರು. ಇಲ್ಲೇ ಕಡಿದು ಉಳುಮೆ ಮಾಡಿಕೊಳ್ಳಿ ಅಂದರು. ಕಾಗದದಲ್ಲಿ ಮಾತ್ರ ಆ ಜಾಗ ಕಾಡಾಗಿಯೇ ಉಳೀತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡಿನ ಜಮೀನನ್ನ ಬೇರೆ ಕೆಲಸಕ್ಕೆ ಕೊಡಬೇಕಾದರೆ ಕೇಂದ್ರದ ಅನುಮತಿ ಬೇಕು. ರಾಜ್ಯ ಸರ್ಕಾರ ಹೊರಡಿಸಿದ ಡಿನೋಟಿಫಿಕೇಷನ್ ಆದೇಶಗಳು ಹೈಕೋರ್ಟ್‌ನಲ್ಲಿ ನಿಲ್ಲಲಿಲ್ಲ. ಅಜ್ಜ ಲಾರಿಯಿಂದ ಇಳಿದ, ಅಪ್ಪ ಗದ್ದೆ ಮಾಡಿದ, ಮೊಮ್ಮಗ ಈಗಲೂ ಹಕ್ಕುಪತ್ರಕ್ಕಾಗಿ ಶಿವಮೊಗ್ಗದಲ್ಲಿ ಧರಣಿ ಕೂರ್ತಾನೆ. ನಾ. ಡಿಸೋಜ ಅವರ 'ದ್ವೀಪ' ಕಾದಂಬರಿ ಇದೇ ಮುಳುಗಡೆಯ ಕಥೆ. ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ರಾಷ್ಟ್ರಪ್ರಶಸ್ತಿಯೂ ಬಂತು. ಹಕ್ಕುಪತ್ರ ಬರಲಿಲ್ಲ.

ಇನ್ನು ಹೋಗದೆ ಉಳಿದವರ ಕಥೆ. ಕರೂರು ಹೋಬಳಿ, ತುಮರಿ ಕಡೆಯ ಜನರ ಮನೆ ಮುಳುಗಲಿಲ್ಲ, ಸುತ್ತ ನೀರು ಬಂತು, ದಾರಿ ಮುಳುಗಿತು. ಸಾಗರ ಅವರಿಗೆ ತಾಲ್ಲೂಕು ಕೇಂದ್ರ. ಆಸ್ಪತ್ರೆ, ಕಾಲೇಜು, ಕೋರ್ಟು, ಸಂತೆ ಎಲ್ಲ ಅಲ್ಲೇ. ಹೋಗಬೇಕಾದರೆ ಹೊಳೆಬಾಗಿಲಿನಲ್ಲಿ ಲಾಂಚ್ ಕಾಯಬೇಕು. ಸಂಜೆ ಲಾಂಚ್ ನಿಂತಿತು ಅಂದರೆ ಮುಗೀತು. ರಾತ್ರಿ ಹೆರಿಗೆ ನೋವು ಬಂದರೆ ಕಾಡಿನ ದಾರಿ ಸುತ್ತಿಕೊಂಡು ಹೋಗಬೇಕಿತ್ತು. ನಮಗೆ ಆ ಲಾಂಚ್ ಒಂದು ಮಜಾ. ಕಾರನ್ನೇ ದೋಣಿ ಮೇಲೆ ಹತ್ತಿಸ್ತಾರೆ ಅಂತ ವಿಡಿಯೋ ಮಾಡಿ ಸ್ಟೇಟಸ್ ಹಾಕಿದ್ದೇ ಹಾಕಿದ್ದು. ಸೇತುವೆ ಕೊಡಿ ಅಂತ ಅವರು ಕೇಳ್ತಾನೇ ಇದ್ದರು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ತೂಗುಕೇಬಲ್ ಸೇತುವೆ ಉದ್ಘಾಟನೆಯಾಗಿದ್ದು 2025ರ ಜುಲೈನಲ್ಲಿ. 1964ರಿಂದ ಲೆಕ್ಕ ಹಾಕಿ. 61 ವರ್ಷ.

ಈ ನೀರಿನಿಂದ ಏನು ಸಿಕ್ಕಿತು ಅಂತಲೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತೆ. ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವ್ಯಾಟಿನ ಹತ್ತು ಯಂತ್ರಗಳು. ಒಟ್ಟು 1,035 ಮೆಗಾವ್ಯಾಟ್. ನಮ್ಮ ಅಪ್ಪ ಅಮ್ಮಂದಿರ ಕಾಲದಲ್ಲಿ ಬೆಂಗಳೂರಿನ ಕಾರ್ಖಾನೆ ತಿರುಗಿದ್ದು, ಬೀದಿದೀಪ ಉರಿದಿದ್ದು ಹೆಚ್ಚಾಗಿ ಈ ನೀರಿನಿಂದ. ಹಿನ್ನೀರಿನ ದಂಡೆಯ ಎಷ್ಟೋ ಮನೆಗಳು ಮಾತ್ರ ಆಮೇಲೂ ದಶಕಗಟ್ಟಲೆ ಸೀಮೆಎಣ್ಣೆ ಬುಡ್ಡಿ ಇಟ್ಟುಕೊಂಡಿದ್ದವು. ಈಗ ಅದೇ ಕಣಿವೆಯಲ್ಲಿ ಇನ್ನೊಂದು ಯೋಜನೆ ಬಂದಿದೆ. ತಲಕಳಲೆಯಿಂದ ಗೇರುಸೊಪ್ಪೆಗೆ ನೀರು ಇಳಿಸಿ ಕರೆಂಟ್ ತೆಗೆದು, ಅದೇ ನೀರನ್ನ ಮತ್ತೆ ಪಂಪ್ ಮಾಡಿ ಮೇಲಕ್ಕೆ ಕಳಿಸುವ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್. ಸಿಂಗಳೀಕಗಳಿರುವ ಕಾಡಿನ ಕೆಳಗೆ ಸುರಂಗ ಕೊರೆಯಬೇಕು. ಊರಿನವರು ಬೇಡ ಅಂತಿದ್ದಾರೆ. ಅವರ ಮಾತನ್ನ ಅಭಿವೃದ್ಧಿ ವಿರೋಧ ಅಂತ ತಳ್ಳಿಹಾಕುವ ಮುಂಚೆ, ಒಂದು ಸಲ ಮೋಸ ಹೋದವರು ಇವರು ಅನ್ನೋದು ನೆನಪಿರಲಿ.

ಜೋಗಕ್ಕೆ ಬಂದೆವು. 253 ಮೀಟರ್ ಎತ್ತರ. ರಾಜಾ, ರಾಣಿ, ರೋರರ್, ರಾಕೆಟ್ ಎಲ್ಲ ನಿಮಗೆ ಗೊತ್ತಿರೋದೇ. ನದಿಯ ಆ ಕಡೆ ದಂಡೆ ಮೇಲೊಂದು ಬಂಗಲೆ ಇದೆ ನೋಡಿ, ಅದನ್ನ ಬಾಂಬೆ ಬಂಗಲೆ ಅಂತಾರೆ. ಸಾಗರದ ಪಕ್ಕ ಬಾಂಬೆ ಎಲ್ಲಿಂದ ಬಂತು? 1956ರ ತನಕ ಈ ಕಡೆ ದಂಡೆ ಮೈಸೂರು, ಆ ಕಡೆ ದಂಡೆ ಮುಂಬೈ ಪ್ರಾಂತ್ಯ. ಎರಡೂ ಕಡೆ ಮಾತು ಕನ್ನಡ, ಎರಡೂ ಕಡೆ ಅಡಿಕೆ, ನಡುವೆ ಮಾತ್ರ ಗಡಿ. ಹಾಗೆ ಗಡಿ ಬಿದ್ದಿದ್ದಕ್ಕೂ ಅಮೆರಿಕದಲ್ಲಿ ನಡೆದ ಒಂದು ಯುದ್ಧಕ್ಕೂ ಸಂಬಂಧ ಇದೆ ಅಂದರೆ ನಂಬ್ತೀರಾ? ಘಟ್ಟ ಇಳಿದು ಕರಾವಳಿಗೆ ಹೋದರೆ ಆ ಕಥೆ ಸಿಗುತ್ತೆ. ಮೊದಲು ಘಟ್ಟ.

ಮಾವಿನಗುಂಡಿಯಿಂದ ಕೆಳಗೆ ಗೇರುಸೊಪ್ಪೆಗೆ ಇಳಿಯುವ ಮಲೆಮನೆ ಘಟ್ಟ. ಕಾರಿನಲ್ಲಿ ಹಿಂದೆ ಕೂತವರು ಲಿಂಬೆಹಣ್ಣು ಮೂಸುವ ಜಾಗ. ಇಷ್ಟೊಂದು ತಿರುವು ಯಾಕೆ, ನೇರವಾಗಿ ಇಳಿಸಬಾರದಿತ್ತಾ ಅಂತ ಬೈಕೊಳ್ಳುವವರಿಗೆ ಒಂದು ಲೆಕ್ಕ ಹೇಳ್ತೀನಿ. ಘಟ್ಟದ ರಸ್ತೆ 20 ಅಡಿ ಮುಂದೆ ಹೋದರೆ 1 ಅಡಿ ಮೇಲೇರಬೇಕು, ಸಾಮಾನ್ಯವಾಗಿ ಅದಕ್ಕಿಂತ ಕಡಿದಾಗಬಾರದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇವತ್ತಿಗೂ ಬೆಟ್ಟದ ರಸ್ತೆಗೆ ಹೇಳುವ ಪಾಠ ಇದೇ. ಈಗ ಘಟ್ಟದ ಎತ್ತರ ಸುಮಾರು 500 ಮೀಟರ್ ಅಂತ ಇಟ್ಟುಕೊಳ್ಳಿ. ಇಪ್ಪತ್ತರಿಂದ ಗುಣಿಸಿ. 10 ಕಿಲೋಮೀಟರ್ ರಸ್ತೆ ಬೇಕು. ನೇರ ದೂರ ಅದಕ್ಕಿಂತ ಎಷ್ಟೋ ಕಡಿಮೆ ಇದ್ದಾಗ ಆ 10 ಕಿಲೋಮೀಟರನ್ನ ಬೆಟ್ಟದ ಮೈಮೇಲೆ ಮಡಚಿ ಮಡಚಿ ಹಾಕದೆ ಬೇರೆ ದಾರಿ ಇಲ್ಲ. ಆ ಒಂದೊಂದು ಮಡಿಕೆಯೂ ಒಂದು ಹೇರ್‌ಪಿನ್ ತಿರುವು. ಆಗುಂಬೆಯ 14 ತಿರುವುಗಳೂ ಇದೇ ಲೆಕ್ಕದ ಮಕ್ಕಳು.

ಹಾಗಾದರೆ ಅದಕ್ಕೂ ಮೊದಲು ಜನ ಘಟ್ಟ ಹತ್ತುತ್ತಿರಲಿಲ್ಲವಾ? ಹತ್ತುತ್ತಿದ್ದರು, ನೇರವಾಗಿಯೇ. ಮನುಷ್ಯನ ಕಾಲಿಗೆ, ಎತ್ತಿನ ಕಾಲಿಗೆ ಈ ಇಪ್ಪತ್ತಕ್ಕೆ ಒಂದರ ಕಟ್ಟುಪಾಡಿಲ್ಲ. ಲಂಬಾಣಿಗರ ಎತ್ತುಗಳು ಬೆನ್ನ ಮೇಲೆ ಹೇರು ಹೊತ್ತು ಸಾಲುಸಾಲಾಗಿ ಓಡಾಡುತ್ತಿದ್ದವು. ಘಟ್ಟದ ಕೆಳಗಿನಿಂದ ಉಪ್ಪು, ಒಣಮೀನು, ಕೊಬ್ಬರಿ ಮೇಲಕ್ಕೆ. ಘಟ್ಟದ ಮೇಲಿನಿಂದ ಧಾನ್ಯ, ಅಡಿಕೆ, ಮೆಣಸು ಕೆಳಕ್ಕೆ. ಗೋಕರ್ಣದ ಪಕ್ಕ ಸಾಣಿಕಟ್ಟಾದಲ್ಲಿ ಉಪ್ಪಿನಾಗರಗಳು ಈಗಲೂ ಇವೆ, ಓಂ ಬೀಚಿಗೆ ಓಡುವ ಭರದಲ್ಲಿ ನಾವು ನೋಡಲ್ಲ ಅಷ್ಟೇ. ಘಟ್ಟದ ಬುಡದ ಗೇರುಸೊಪ್ಪೆ ಆ ಕಾಲಕ್ಕೆ ಸಣ್ಣ ಊರಲ್ಲ. 16ನೇ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿ ಇಲ್ಲಿಂದ ಆಳುತ್ತಿದ್ದಳು. ಪೋರ್ಚುಗೀಸರು ಅವಳನ್ನ ಮೆಣಸಿನ ರಾಣಿ ಅಂದರು. ಮೆಣಸು ಕೊಳ್ಳಬೇಕಾದರೆ ಅವಳ ಮುಖ ನೋಡಬೇಕಿತ್ತು, ಅದಕ್ಕೇ ಆ ಹೆಸರು, ಅದಕ್ಕೇ ಆ ಹೊಟ್ಟೆಯುರಿ. ಮೆಣಸು ಗೇರುಸೊಪ್ಪೆಯಿಂದ ದೋಣಿ ಹತ್ತಿ ಶರಾವತಿಯಲ್ಲೇ ತೇಲಿ ಹೊನ್ನಾವರ ಸೇರುತ್ತಿತ್ತು. ಆ ವೈಭವದ ಸಾಕ್ಷಿಯಾಗಿ ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ. ಹೆದ್ದಾರಿಯಿಂದ ಅರ್ಧ ದಿನ ಉಳಿಸಿ ಹೋಗಿ ಬನ್ನಿ. ಅಲ್ಲಿ ಸೆಲ್ಫಿ ತೆಗೆದುಕೊಂಡರೆ ನನ್ನ ತಕರಾರಿಲ್ಲ.

ಒಟ್ಟಿನಲ್ಲಿ, ಎತ್ತಿನ ಬೆನ್ನ ಮೇಲೆ ಮೆಣಸು ಹೇರಬಹುದು. ಮೆಣಸು ತೂಕ ಕಡಿಮೆ, ಬೆಲೆ ಜಾಸ್ತಿ. ಹತ್ತಿ ಹಾಗಲ್ಲ. ಜಾಗ ತಿನ್ನುತ್ತೆ, ಒದ್ದೆಯಾದರೆ ಕೆಡುತ್ತೆ, ಹೇರೆತ್ತು ಕಾಡಿನಲ್ಲಿ ಮೈ ಉಜ್ಜಿಕೊಂಡು ಹೋದರೆ ಅರ್ಧ ಮುಳ್ಳಿಗೆ ಸಿಕ್ಕಿಕೊಳ್ಳುತ್ತೆ. ಹತ್ತಿಗೆ ಗಾಡಿ ಬೇಕು. ಅದೇ ಜೋಡಿ ಎತ್ತು ಗಾಡಿಗೆ ಕಟ್ಟಿದರೆ ಬೆನ್ನ ಮೇಲೆ ಹೊರುವುದರ ಹಲವು ಪಟ್ಟು ಎಳೆಯುತ್ತೆ. ಗಾಡಿ ಬೇಕೆಂದರೆ ಇಪ್ಪತ್ತಕ್ಕೆ ಒಂದರ ರಸ್ತೆ ಬೇಕು. ನಮ್ಮ ಘಟ್ಟಗಳ ತಿರುವುಗಳ ಹಿಂದೆ ಹತ್ತಿ ಇದೆ ಅಂತ ನಾನು ಹೇಳೋದು ಇದಕ್ಕೇ.

ಈಗ ಕುಮಟಾಕ್ಕೆ ಬನ್ನಿ. ಹೊನ್ನಾವರದಿಂದ ಉತ್ತರಕ್ಕೆ ಸ್ವಲ್ಪವೇ ದೂರ. ಪ್ರವಾಸಿಗರು ಇಲ್ಲಿ ಊಟಕ್ಕೆ ನಿಂತು ಗೋಕರ್ಣಕ್ಕೆ ಹೋಗ್ತಾರೆ. ಈ ಊರಿನ ಹೆಸರು 19ನೇ ಶತಮಾನದ ಲಿವರ್‌ಪೂಲ್ ಮಾರುಕಟ್ಟೆಯಲ್ಲಿ ಎಲ್ಲರ ಬಾಯಲ್ಲೂ ಇತ್ತು. 'ಕುಮ್ಟಾ ಕಾಟನ್' ಅಂದರೆ ಹತ್ತಿಯ ಒಂದು ಜಾತಿಯ ಹೆಸರು. ತಮಾಷೆ ಏನು ಗೊತ್ತಾ, ಆ ಸುರಿಯುವ ಮಳೆಯಲ್ಲಿ ಕುಮಟಾದ ಒಂದು ಗದ್ದೆಯಲ್ಲೂ ಹತ್ತಿ ಬೆಳೆಯಲ್ಲ. ಬೆಳೆದಿದ್ದು ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಎರೆಭೂಮಿಯಲ್ಲಿ. ಬೆವರು ಸುರಿಸಿದ್ದು ಧಾರವಾಡದ ರೈತ. ಗಾಡಿ ಕಟ್ಟಿಕೊಂಡು ಶಿರಸಿ ಮೇಲೆ ಬಂದು, ದೇವಿಮನೆ ಘಟ್ಟ ಇಳಿದು, ಅಂಡಿಗೆಗಳನ್ನ ಕುಮಟಾದಲ್ಲಿ ಪತ್ತೆಮಾರಿಗೆ ಹತ್ತಿಸಿದರೆ ಅದು ಮುಂಬೈಗೆ, ಅಲ್ಲಿಂದ ಇಂಗ್ಲೆಂಡಿಗೆ. ಹಡಗು ಎಲ್ಲಿಂದ ಹೊರಟಿತೋ ಆ ಊರಿನ ಹೆಸರು ಉಳೀತು.

1861ರಲ್ಲಿ ಅಮೆರಿಕದ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಶುರುವಾಯ್ತು. ದಕ್ಷಿಣದ ಬಂದರುಗಳಿಗೆ ಉತ್ತರದವರು ದಿಗ್ಬಂಧನ ಹಾಕಿದರು. ಗುಲಾಮರು ಬೆಳೆದ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಬರೋದು ನಿಂತಿತು. ಮ್ಯಾಂಚೆಸ್ಟರಿನ ಮಗ್ಗಗಳು ನಿಂತವು. ಬಂಡವಾಳಶಾಹಿಗಳು ಭೂಪಟ ಬಿಡಿಸಿ ನೋಡಿದಾಗ ಕಂಡಿದ್ದು ಧಾರವಾಡ. ಹತ್ತಿ ಬೆಳೆಯುವ ಧಾರವಾಡ ಮುಂಬೈ ಪ್ರಾಂತ್ಯದಲ್ಲಿ, ಅದು ಇಳಿಯಬೇಕಾದ ಕರಾವಳಿ ಮದರಾಸು ಪ್ರಾಂತ್ಯದಲ್ಲಿ. ಮದರಾಸಿಗೆ ಈ ಘಟ್ಟದ ರಸ್ತೆ ಬಗ್ಗೆ ಆಸಕ್ತಿ ಅಷ್ಟಕ್ಕಷ್ಟೆ. ಕುಮಟಾದಲ್ಲಿ ಹಡಗಿಗೆ ಆಸರೆ ಇಲ್ಲ, ಬಯಲು ಸಮುದ್ರ. ಕಾರವಾರದಲ್ಲಿ ಒಳ್ಳೇ ಆಳ, ಸುತ್ತ ಗುಡ್ಡ ಮತ್ತು ದ್ವೀಪಗಳ ಮರೆ. ಕಾರವಾರವನ್ನ ಬಂದರು ಮಾಡಿ, ಘಟ್ಟಕ್ಕೆ ಗಾಡಿರಸ್ತೆ ಮಾಡಿ ಅಂತ ಮ್ಯಾಂಚೆಸ್ಟರಿನವರು ಸರ್ಕಾರದ ಜೀವ ತಿಂದರು. 1862ರಲ್ಲಿ ಉತ್ತರ ಕನ್ನಡವನ್ನ ಮದರಾಸಿನಿಂದ ಕಿತ್ತು ಮುಂಬೈಗೆ ಸೇರಿಸಿಬಿಟ್ಟರು. ಮಂಗಳೂರು ಕಡೆಯ ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳೀತು. ಒಂದೇ ಕನ್ನಡ ಜಿಲ್ಲೆ ಎರಡು ಪ್ರಾಂತ್ಯಕ್ಕೆ ಹಂಚಿಹೋಯ್ತು. ಮತ್ತೆ ಒಂದೇ ರಾಜ್ಯದೊಳಗೆ ಬಂದಿದ್ದು 1956ರಲ್ಲಿ. 94 ವರ್ಷ! ಜೋಗದ ಬಾಂಬೆ ಬಂಗಲೆಯ ಹೆಸರು ಹುಟ್ಟಿದ್ದು ಹೀಗೆ. ಶಾಲೆಯ ಪಾಠದಲ್ಲಿ ಏಕೀಕರಣ ಅಂದರೆ ಭಾಷೆ, ಸಾಹಿತಿಗಳು, ಸಮ್ಮೇಳನ ಅಂತ ಓದಿದ್ದೀವಿ. ಒಡೆದಿದ್ದು ಯಾಕೆ ಅಂತ ಕೇಳಿದರೆ, ಕರಾವಳಿಯ ಮಟ್ಟಿಗೆ ಅದಕ್ಕೆ ಸಿಗುವ ಉತ್ತರ ಹತ್ತಿ.

ಕಾರವಾರದ ಗತಿ ಏನಾಯ್ತು? 1865ಕ್ಕೆ ಅಮೆರಿಕದ ಯುದ್ಧ ಮುಗೀತು, ಹತ್ತಿ ಬೆಲೆ ಬಿತ್ತು, ಮುಂಬೈನಲ್ಲಿ ಷೇರು ಪೇಟೆ ಮಕಾಡೆ ಮಲಗಿತು. ಕಾರವಾರ ಬಂದರಿಗೆ ರೈಲು ಬರುತ್ತೆ ಬರುತ್ತೆ ಅಂತ ಕಾದರು. ಬರಲಿಲ್ಲ. 1880ರ ದಶಕದಲ್ಲಿ ಪೋರ್ಚುಗೀಸರ ಗೋವಾದಲ್ಲಿ ಮುರ್ಮುಗಾಂವ್ ಬಂದರಿಗೆ ಘಟ್ಟದ ಮೇಲಿನಿಂದ ರೈಲು ಇಳೀತು, ಧಾರವಾಡದ ಹತ್ತಿ ಆ ಕಡೆ ತಿರುಗಿತು. ಕಾರವಾರಕ್ಕೆ ರೈಲು ನೋಡೋಕೆ ಕೊಂಕಣ ರೈಲ್ವೆ ತನಕ, ಅಂದರೆ 1990ರ ದಶಕದ ತನಕ ಕಾಯಬೇಕಾಯ್ತು. ಅದೂ ಕರಾವಳಿ ಉದ್ದಕ್ಕೆ ಹೋಗುವ ರೈಲು. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಘಟ್ಟ ಇಳಿಯುವ ರೈಲು ಈಗಲೂ ಕಡತದಲ್ಲೇ ಓಡ್ತಿದೆ.

ಹಾಗೆ ಬಂದರು ಸೋತ ಊರಿಗೆ ಒಬ್ಬ ಪ್ರವಾಸಿ ಬಂದಿದ್ದ. ದೇಶದ ಮೊದಲ ಭಾರತೀಯ ಐಸಿಎಸ್ ಅಧಿಕಾರಿ ಸತ್ಯೇಂದ್ರನಾಥ ಟ್ಯಾಗೋರರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದ ಆರಂಭದಲ್ಲಿ ಅವರ ತಮ್ಮ, ಇಪ್ಪತ್ತು ದಾಟಿದ ಹುಡುಗ ರವೀಂದ್ರನಾಥ, ಇಲ್ಲಿ ಬಂದು ಉಳಿದ. ಕಾಳಿ ನದಿಯಲ್ಲಿ ದೋಣಿ ಹತ್ತಿದ, ಮರಳಲ್ಲಿ ನಡೆದ, 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದ. ಕಾರವಾರದ ಕಡಲತೀರಕ್ಕೆ ಅವನದೇ ಹೆಸರು. ಈ ಊರಿನಿಂದ ಏನನ್ನೂ ಸಾಗಿಸೋಕೆ ಬರದೆ, ಸುಮ್ಮನೆ ನೋಡೋಕೆ ಬಂದವರ ಪಟ್ಟಿಯಲ್ಲಿ ಅವನನ್ನ ಮೊದಲಿಗೆ ಬರೆಯಬಹುದು.

ಆ ಆಳ ಸಮುದ್ರ, ಆ ಗುಡ್ಡದ ಮರೆ ಕೊನೆಗೆ ಕೆಲಸಕ್ಕೆ ಬಂದಿದ್ದು ನೌಕಾಪಡೆಗೆ. 1986ರಲ್ಲಿ ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆ ಆಯ್ತು. ಬಿಣಗಾ, ಅರಗಾದಂಥ ಕಡಲತೀರದ ಊರುಗಳ ಸಾವಿರಾರು ಕುಟುಂಬಗಳು ಮನೆ, ದಕ್ಕೆ, ತೆಂಗಿನ ತೋಟ ಬಿಟ್ಟು ಎದ್ದವು. ದೇಶದ ರಕ್ಷಣೆಗೆ ಜಾಗ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪರಿಹಾರಕ್ಕಾಗಿ ಮೀನುಗಾರ ಎಷ್ಟು ವರ್ಷ ಕೋರ್ಟು ಅಲೆಯಬೇಕು ಅನ್ನೋದರಲ್ಲೂ ಎರಡು ಮಾತಿರಬಾರದಿತ್ತು. ಹೆದ್ದಾರಿ 66ರಲ್ಲಿ ಹೋಗುವಾಗ ಒಂದು ಕಡೆ ಉದ್ದಕ್ಕೆ ಕಾಂಪೌಂಡ್ ಗೋಡೆ ಕಾಣುತ್ತಲ್ಲ, ಆ ಗೋಡೆಯ ಆಚೆಗೆ ಅವರ ಊರುಗಳಿದ್ದವು.

ಇಲ್ಲಿಗೆ ವೀಕೆಂಡ್ ಮುಗೀತು. ಆದರೆ ಕುಮಟಾದಿಂದ ಕಾರವಾರಕ್ಕೆ ಬರುವಾಗ ಒಂದು ಜಾಗವನ್ನ ಬೇಕಂತಲೇ ನಿಲ್ಲಿಸದೆ ದಾಟಿಸಿಕೊಂಡು ಬಂದೆ. ಈಗ ಅಲ್ಲಿಗೆ ವಾಪಸ್ ಹೋಗೋಣ.

ಅಂಕೋಲಾ ತಾಲ್ಲೂಕಿನ ಶಿರೂರು. ಒಂದು ಪಕ್ಕ ಗುಡ್ಡ, ನಡುವೆ ಹೆದ್ದಾರಿ, ಇನ್ನೊಂದು ಪಕ್ಕ ಗಂಗಾವಳಿ ನದಿ. ಗಂಗಾವಳಿ ಯಾವುದು ಗೊತ್ತಲ್ಲ, ಧಾರವಾಡದ ಬಳಿ ಹುಟ್ಟಿ ಬೇಡ್ತಿ ಅಂತ ಹೆಸರಿಟ್ಟುಕೊಂಡು ಘಟ್ಟ ಇಳಿದು ಬರುವ ನದಿ. ಹತ್ತಿ ಹುಟ್ಟಿದ ಊರಲ್ಲೇ ಹುಟ್ಟಿ, ಹತ್ತಿಯ ಹಾಗೇ ಕಡಲಿಗೆ ಬರುತ್ತೆ. ಆ ಗುಡ್ಡದ ಬುಡದಲ್ಲಿ ಒಂದು ಚಹಾದಂಗಡಿ ಇತ್ತು. ಲಾರಿಯವರು ನಿಲ್ಲಿಸಿ, ಚಹಾ ಕುಡಿದು, ಸ್ವಲ್ಪ ಕಣ್ಣು ಮುಚ್ಚಿ ಹೋಗುವ ಜಾಗ. 2024ರ ಜುಲೈ 16ರ ಬೆಳಗ್ಗೆ, ದಿನಗಟ್ಟಲೆ ಸುರಿದ ಮಳೆಯ ನಂತರ, ಗುಡ್ಡ ಜಾರಿತು. ಅಂಗಡಿ, ಅಂಗಡಿ ನಡೆಸುತ್ತಿದ್ದ ಕುಟುಂಬ, ನಿಂತಿದ್ದ ವಾಹನಗಳು, ಹೆದ್ದಾರಿ ಎಲ್ಲವನ್ನೂ ನದಿಗೆ ತಳ್ಳಿತು. ಗ್ಯಾಸ್ ಟ್ಯಾಂಕರ್ ಒಂದು ನದಿಯಲ್ಲಿ ತೇಲಿಹೋಯ್ತು. ಮರದ ದಿಮ್ಮಿ ಹೊತ್ತು ಕೇರಳಕ್ಕೆ ಹೊರಟಿದ್ದ ಲಾರಿ ನೀರಿನ ತಳ ಸೇರಿತು. ಆ ಲಾರಿಯನ್ನೂ, ಅದರೊಳಗಿದ್ದ ಚಾಲಕನ ದೇಹವನ್ನೂ ಮೇಲೆತ್ತೋಕೆ 72 ದಿನ ಬೇಕಾಯ್ತು. ದುರಂತದಲ್ಲಿ ಬಲಿಯಾದವರು ಹನ್ನೊಂದು ಮಂದಿ.

ಗುಡ್ಡ ಯಾಕೆ ಜಾರಿತು? ಮತ್ತೆ ಸ್ವಲ್ಪ ಇಂಜಿನಿಯರಿಂಗ್. ಮಣ್ಣಿನ ಗುಡ್ಡ ನಿಂತಿರೋದು ಅದರ ಇಳಿಜಾರಿನ ಮೇಲೆ. ಮೇಲಿನ ಮಣ್ಣಿನ ಭಾರವನ್ನ ಬುಡದ ಮಣ್ಣು ತಡೆದಿರುತ್ತೆ. ಬುಡವನ್ನ ನೇರವಾಗಿ ಗೋಡೆಯ ಹಾಗೆ ಕಡಿದರೆ ಆ ಆಸರೆ ಹೋಯ್ತು. ಕರಾವಳಿಯ ಕೆಂಪುಮಣ್ಣು ಬೇಸಿಗೆಯಲ್ಲಿ ಕಲ್ಲಿನಂತಿರುತ್ತೆ, ಮಳೆಗಾಲದಲ್ಲಿ ನೀರು ಕುಡಿದು ಭಾರವಾಗುತ್ತೆ, ಒಳಗೆ ನೀರಿನ ಒತ್ತಡ ಏರಿ ಕಣಕ್ಕೆ ಕಣ ಹಿಡಿದುಕೊಳ್ಳುವ ಶಕ್ತಿ ಕಡಿಮೆಯಾಗುತ್ತೆ. ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ನೀರು ಹೊರಹೋಗೋಕೆ ದಾರಿ ಬಿಡಬೇಕು, ತಡೆಗೋಡೆ ಕಟ್ಟಬೇಕು. ಇದು ಸಿವಿಲ್ ಓದುವ ಮಕ್ಕಳ ಪಠ್ಯದಲ್ಲಿರುವ ವಿಷಯ. ಇದಕ್ಕೆಲ್ಲ ಹೆಚ್ಚು ಜಾಗ, ಹೆಚ್ಚು ದುಡ್ಡು, ಹೆಚ್ಚು ಸಮಯ ಬೇಕು. ನೆಟ್ಟಗೆ ಕಡಿದರೆ ಮೂರೂ ಉಳಿಯುತ್ತೆ.

ಇನ್ನೂ ಒಂದು ತಿಂಗಳಾಗಿರಲಿಲ್ಲ. ಅದೇ ಹೆದ್ದಾರಿಯಲ್ಲಿ, ಕಾರವಾರದಿಂದ ಗೋವಾ ಕಡೆಗೆ ಹೋಗುವ ಕಾಳಿ ನದಿಯ ಹಳೇ ಸೇತುವೆ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕುಸಿದು ಬಿತ್ತು. ನಲವತ್ತು ವರ್ಷ ಹಳೆಯದು. ತಮಿಳುನಾಡಿನ ಲಾರಿಯೊಂದು ಅದರ ಜೊತೆ ನದಿಗೆ ಬಿತ್ತು. ಡ್ರೈವರ್ ಕ್ಯಾಬಿನ್ ಮೇಲೆ ಹತ್ತಿ ಕೂತಿದ್ದ, ಮೀನುಗಾರರು ಮತ್ತು ಪೊಲೀಸರು ಹೋಗಿ ಉಳಿಸಿದರು. ಅದು ವೀಕೆಂಡಿನ ಸಂಜೆ ಆಗಿದ್ದರೆ, ಗೋವಾಕ್ಕೆ ಹೊರಟ ಕಾರುಗಳ ಸಾಲು ಮೇಲಿದ್ದಿದ್ದರೆ ಅಂತ ಯೋಚಿಸೋಕೂ ಭಯವಾಗುತ್ತೆ.

ಇತಿಹಾಸ ಇಲ್ಲೊಂದು ತಿರುವು ತೆಗೆದುಕೊಂಡಿದೆ ಅಂತ ನನಗನ್ನಿಸೋದು ಇದಕ್ಕೇ. ಹಿಂದೆ ಗುಡ್ಡ ಕಡಿದಾಗ ಹೇಳೋಕೆ ಮ್ಯಾಂಚೆಸ್ಟರಿನ ಹೆಸರಿತ್ತು. ಕಣಿವೆ ಮುಳುಗಿಸಿದಾಗ ರಾಜ್ಯಕ್ಕೆ ಬೆಳಕು ಅನ್ನೋ ಹೆಸರಿತ್ತು. ಈಗ ನಾಲ್ಕು ಪಥ ಆಗಬೇಕು, ತಿರುವು ಕಡಿಮೆ ಆಗಬೇಕು, ಎರಡು ಗಂಟೆ ಉಳಿಯಬೇಕು ಅಂತ ಗುಡ್ಡ ಕಡಿಯುವಾಗ ಬಳಸೋದು ನನ್ನ ಹೆಸರು, ನಿಮ್ಮ ಹೆಸರು. ಪ್ರವಾಸಿಗರ ಅನುಕೂಲಕ್ಕಾಗಿ ಅಂತ ಬೋರ್ಡೇ ಹಾಕ್ತಾರೆ. ಬೇಗ ಹೋಗೋದು ಬೇಡ ಅಂತ ನಾನು ಹೇಳ್ತಿಲ್ಲ, ಅಂಬುಲೆನ್ಸಿಗೂ ಇದೇ ರಸ್ತೆ ಬೇಕು. ಆದರೆ ಟೋಲ್ ಕಟ್ಟುವವನಿಗೆ ಒಂದು ಹಕ್ಕಿದೆ. ಮಳೆಗಾಲದಲ್ಲಿ ಯಾವ ಕಿಲೋಮೀಟರಿನ ಗುಡ್ಡ ಸರಿಯಿಲ್ಲ, ಯಾವ ಸೇತುವೆಯನ್ನ ಯಾವತ್ತು ಪರೀಕ್ಷೆ ಮಾಡಿದ್ದೀರಿ ಅಂತ ಕೇಳುವ ಹಕ್ಕು. ಫಾಸ್ಟ್ಯಾಗ್‌ನಲ್ಲಿ ದುಡ್ಡು ಕಟ್ ಆದ ಮೆಸೇಜ್ ಅರೆಕ್ಷಣದಲ್ಲಿ ಬರುತ್ತೆ. ಮುಂದಿನ ಗುಡ್ಡ ಜಾರಬಹುದು ಅನ್ನೋ ಮೆಸೇಜ್ ಮಾತ್ರ ಬರಲ್ಲ.

ಶಿರೂರಿನಲ್ಲಿ ಆ ಬೆಳಗ್ಗೆ ನಡೆದ ಇನ್ನೊಂದು ಸಂಗತಿ ಹೇಳಿ ನಿಲ್ಲಿಸ್ತೀನಿ. ದೇಶದ ಕ್ಯಾಮೆರಾಗಳೆಲ್ಲ ಲಾರಿ ಹುಡುಕುವ ಕಡೆಗಿದ್ದಾಗ ಇದು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಗುಡ್ಡದ ಮಣ್ಣು ಒಮ್ಮೆಲೇ ಗಂಗಾವಳಿಗೆ ಬಿದ್ದಾಗ ನದಿಯ ನೀರು ಎದ್ದು ಎದುರು ದಂಡೆಗೆ ಅಪ್ಪಳಿಸಿತು. ಆ ದಂಡೆಯಲ್ಲಿರೋದು ಉಳುವರೆ ಗ್ರಾಮ. ಮನೆಗಳು ನೆಲಸಮವಾದವು. ವಯಸ್ಸಾದ ಹೆಂಗಸೊಬ್ಬರು ಕೊಚ್ಚಿಹೋದರು. ಆ ಊರಿಗೂ ಹೆದ್ದಾರಿಗೂ ನಡುವೆ ಇಡೀ ನದಿ ಇದೆ.